ಕಡಲಿಲ್ಲದ ಸೀಮೆಯ ಹಡಗು

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಊರುಗಳು. ಇಲ್ಲಿಯವರು ಕಡಲು ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಇಲ್ಲಿ ನೀರೆಂದರೆ ಹೊಳೆ, ಕೆರೆ, ಎಡದಂಡೆ ಕಾಲುವೆ, ದಾಟಲಿಕ್ಕೆ ಹರಿಗೋಲು. ಯುದ್ಧನೌಕೆಗೂ ಈ ಸೀಮೆಗೂ ಎತ್ತಣಿಂದೆತ್ತಣ ಸಂಬಂಧ ಎಂದು ಯಾರಾದರೂ ಕೇಳಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಸಂಬಂಧವಿತ್ತು. ಎರಡನೆಯ ಮಹಾಯುದ್ಧದಲ್ಲಿ, ಈ ಸೀಮೆಯನ್ನು ಆಳುತ್ತಿದ್ದ ದೊರೆಯ ಬಿರುದನ್ನೇ ಹೆಸರಾಗಿ ಹೊತ್ತ ಬ್ರಿಟಿಷ್ ಡಿಸ್ಟ್ರಾಯರ್ ಒಂದು ಮೆಡಿಟರೇನಿಯನ್ ಸಮುದ್ರದಿಂದ ಟೋಕಿಯೊ ಕೊಲ್ಲಿಯವರೆಗೆ ಓಡಾಡಿತು. ಅದರ ಹೆಸರು ‘ನಿಜಾಮ್’.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಜಾನ್ ಬ್ರೌನ್ ಕಂಪನಿಯವರು 1939ರಲ್ಲಿ ಅದನ್ನು ಕಟ್ಟಲು ಶುರುಮಾಡಿ 1940ರ ಜುಲೈನಲ್ಲಿ ನೀರಿಗಿಳಿಸಿದರು. ಬ್ರಿಟಿಷ್ ನೌಕಾಪಡೆಯ ‘ಎನ್’ ವರ್ಗದ ಎಂಟು ಡಿಸ್ಟ್ರಾಯರ್‌ಗಳಲ್ಲಿ ಅದೂ ಒಂದು. ಆ ವರ್ಗದ ಹಡಗುಗಳಿಗೆಲ್ಲ ಅದೇ ಅಕ್ಷರದಿಂದ ಶುರುವಾಗುವ ಹೆಸರು: ನೇಪಿಯರ್, ನೆಸ್ಟರ್, ನಾರ್ಮನ್. ಯುದ್ಧದಲ್ಲಿ ಬ್ರಿಟನ್ನಿಗೆ ನೆರವಾದವರ ಹೆಸರನ್ನೂ ಈ ಸಾಲಿಗೆ ಸೇರಿಸಿಕೊಂಡರು. ಒಂದು ಹಡಗು ‘ನೇಪಾಳ’ ಆಯಿತು, ಇನ್ನೊಂದು ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಗೌರವಕ್ಕೆ ‘ನಿಜಾಮ್’ ಆಯಿತು. ಹಡಗಿನ ಮಾಲೀಕತ್ವ ಬ್ರಿಟನ್ನಿನದು, ಅದನ್ನು ನಡೆಸಿದವರು ಆಸ್ಟ್ರೇಲಿಯಾದ ನಾವಿಕರು. ಕಟ್ಟಿದವರು ಸ್ಕಾಟ್ಲೆಂಡಿನವರು, ಹೆಸರು ದಖ್ಖನಿನದು.

1941ರ ಮೇ ಕೊನೆಯಲ್ಲಿ ಕ್ರೀಟ್ ದ್ವೀಪ ಜರ್ಮನರ ಕೈಸೇರುತ್ತಿದ್ದಾಗ, ಸ್ಫಾಕಿಯಾ ಎಂಬ ಮೀನುಗಾರರ ಊರಿನ ದಂಡೆಯಿಂದ ರಾತ್ರೋರಾತ್ರಿ ಸೈನಿಕರನ್ನು ಹತ್ತಿಸಿಕೊಂಡು ಅಲೆಕ್ಸಾಂಡ್ರಿಯಾ ಸೇರಿಸಿದ ಹಡಗುಗಳಲ್ಲಿ ಇದೂ ಇತ್ತು. ಮುತ್ತಿಗೆಗೆ ಸಿಕ್ಕಿದ್ದ ಟೊಬ್ರುಕ್ ಪಟ್ಟಣಕ್ಕೆ ಕತ್ತಲಲ್ಲಿ ಸಾಮಾನು ಹೊತ್ತು, ಬರುವಾಗ ಗಾಯಾಳುಗಳನ್ನು ತಂದಿತು. 1945ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಲೂವಿನ್ ಭೂಶಿರದ ಹತ್ತಿರ ದೈತ್ಯ ಅಲೆಯೊಂದು ಬಡಿದು ಹಡಗು ಮಗುಚುವಷ್ಟು ವಾಲಿದಾಗ ಹತ್ತು ಮಂದಿ ನಾವಿಕರು ಕೊಚ್ಚಿಹೋದರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ಟೋಕಿಯೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಹಡಗುಗಳ ಸಾಲಿನಲ್ಲಿ ‘ನಿಜಾಮ್’ ಕೂಡ ಇತ್ತು. ಯುದ್ಧ ಮುಗಿದೊಡನೆ ಆಸ್ಟ್ರೇಲಿಯಾ ಅದನ್ನು ಬ್ರಿಟನ್ನಿಗೆ ವಾಪಸು ಕೊಟ್ಟಿತು. ಆಮೇಲೆ ಅದನ್ನು ಯಾರೂ ಬಳಸಲಿಲ್ಲ. 1955ರಲ್ಲಿ ಎಸೆಕ್ಸ್‌ನ ಗ್ರೇಸ್ ಎಂಬಲ್ಲಿ ಗುಜರಿಗೆ ಹಾಕಿ ಒಡೆದರು. ಮರುವರ್ಷ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವನ್ನೇ ಮೂರು ಪಾಲು ಮಾಡಿ ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಲಾಯಿತು. ಹಡಗೂ ಹೋಯಿತು, ಆ ಹೆಸರಿನ ಆಳ್ವಿಕೆಯ ಗಡಿಗೆರೆಗಳೂ ಹೋದವು.

ಈ ಹೆಸರು ಪುಕ್ಕಟೆ ಬಂದದ್ದಲ್ಲ. ಮೊದಲ ಮಹಾಯುದ್ಧದಲ್ಲೇ ನಿಜಾಮ ಬ್ರಿಟಿಷರ 110ನೇ ವಿಮಾನ ಸ್ಕ್ವಾಡ್ರನ್ನಿಗೆ ವಿಮಾನಗಳನ್ನು ಕೊಡಿಸಿದ್ದ; ಅದಕ್ಕೆ ‘ಹೈದರಾಬಾದ್ ಸ್ಕ್ವಾಡ್ರನ್’ ಎಂದೇ ಹೆಸರು. ಎರಡನೆಯ ಯುದ್ಧದಲ್ಲಿ 152ನೇ ಸ್ಕ್ವಾಡ್ರನ್ ಅದೇ ಹೆಸರಿನಲ್ಲಿ ಹಾರಿತು, ಅದರ ಲಾಂಛನದಲ್ಲಿ ನಿಜಾಮನ ಪೇಟವೇ ಇತ್ತು. ದೊರೆಯ ಔದಾರ್ಯ ಎಂದು ಬರೆದಿಡುವುದು ಸುಲಭ. ಆದರೆ ಖಜಾನೆ ತುಂಬಿದ್ದು ಕಂದಾಯದಿಂದ, ಕಂದಾಯ ಬಂದದ್ದು ಹೊಲದಿಂದ. ಪಟೇಲ, ಪಟವಾರಿಗಳ ಕೈದಾಟಿ ಹೋದ ಆ ಹಣದಲ್ಲಿ ಸಿಂಧನೂರಿನ ಎರೆಹೊಲದ ಪಾಲೂ ಇತ್ತು, ಲಿಂಗಸುಗೂರಿನ ಮಸಾರಿ ಹೊಲದ ಪಾಲೂ ಇತ್ತು. ಯುದ್ಧದ ವರ್ಷಗಳಲ್ಲಿ ಇದೇ ಸಂಸ್ಥಾನದ ರೈತರು ಸರಕಾರಕ್ಕೆ ಲೆವಿ ಜೋಳ ಅಳೆದುಕೊಟ್ಟರು. ಯಾವ ರೂಪಾಯಿ ಯಾವ ಮೊಳೆಗೆ ಹೋಯಿತು ಎಂದು ಯಾರೂ ತೋರಿಸಲಾರರು. ಸಾಮ್ರಾಜ್ಯದ ಯುದ್ಧದ ಭಾರದಲ್ಲಿ ಕಡಲನ್ನೇ ಕಾಣದವರ ಹೆಗಲೂ ಸೇರಿತ್ತು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಹಳೆಯ ಯುದ್ಧನೌಕೆಗಳನ್ನು ಉಳಿಸಬೇಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ಇಂಥ ವಸ್ತುಗಳು ಯಾರವು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ್ದೊಂದಿದೆ: ಉಳಿದ ವಸ್ತು ನಮಗೆ ಏನು ಮಾಡಿಕೊಡುತ್ತದೆ? ಇದಕ್ಕೆ ಉತ್ತರ ಮಸ್ಕಿಯಲ್ಲೇ ಇದೆ.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಮಸ್ಕಿಯ ಬೆಟ್ಟ ಹತ್ತಿದ್ದ. ಅವನಿಗೆ ಸಿಕ್ಕಿದ್ದು ಬ್ರಾಹ್ಮಿ ಅಕ್ಷರಗಳಿದ್ದ ಬಂಡೆ. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಬಿರುದುಗಳಿದ್ದವು, ‘ದೇವಾನಾಂಪ್ರಿಯ’ ಎಂದಿತ್ತು, ‘ಪ್ರಿಯದರ್ಶಿ’ ಎಂದಿತ್ತು. ಅಶೋಕ ಎಂಬ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಈತ ಅಶೋಕನೇ ಇರಬೇಕೆಂದು ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೇ ಆ ಹೆಸರು ಸಿಕ್ಕಿತು. ಎಂಬತ್ತು ವರ್ಷದ ಊಹೆಗೆ ಅಂದು ನೆಲೆ ದೊರೆಯಿತು. ಆ ಶಾಸನವನ್ನು ಕೂಡಲೇ ಓದಿಸಿ ಅಚ್ಚು ಹಾಕಿಸಿದ್ದು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ. ಹಡಗಿಗೆ ಹೆಸರು ಕೊಟ್ಟ ಉಸ್ಮಾನ್ ಅಲಿ ಖಾನನೇ ಆಗ ನಿಜಾಮ. ಅವನ ಸರಕಾರ ಕಾಪಾಡಿದ ಕಲ್ಲಿನಲ್ಲಿ ಮೌರ್ಯ ದೊರೆಯ ಹೆಸರು ಇವತ್ತಿಗೂ ಇದೆ. ಅವನದೇ ಬಿರುದನ್ನು ಬರೆದಿದ್ದ ಉಕ್ಕು ಕರಗಿಹೋಗಿದೆ.

ಉಳಿದ ವಸ್ತು ಮಾಡುವ ಕೆಲಸ ಇದೇ. ಅದು ನಮ್ಮ ಊಹೆಗೆ ಒಮ್ಮೆ ಬಲ ಕೊಡುತ್ತದೆ, ಒಮ್ಮೆ ಕಡಿವಾಣ ಹಾಕುತ್ತದೆ. ‘ಹಾಗಾಗಿದ್ದರೆ ಏನಾಗುತ್ತಿತ್ತು’ ಎಂಬ ಮಾತು ಕಟ್ಟೆಯ ಮೇಲೆ ಕೂತವರಿಗೂ ಪ್ರಿಯ, ಇತಿಹಾಸ ಓದುವವರಿಗೂ ಪ್ರಿಯ. ನೌಕಾ ಇತಿಹಾಸದಲ್ಲಂತೂ ಅದು ಎಲ್ಲ ದೇಶಗಳಲ್ಲೂ ನಡೆಯುವ ಆಟ. ನಮ್ಮ ನಾಡಿನಲ್ಲಿ ಆ ಆಟಕ್ಕೆ ಬೇಗ ಕಾವು ಏರುತ್ತದೆ. ಟಿಪ್ಪು ಗೆದ್ದಿದ್ದರೆ, ನಿಜಾಮ ಉಳಿದಿದ್ದರೆ ಎಂದು ಮಾತು ಶುರುವಾದರೆ ಎದುರಿಗಿರುವವರು ಯಾವ ಪಕ್ಷ, ಯಾವ ಮತ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕೇ ಮೂರು ಊಹೆಗಳನ್ನು ಇಲ್ಲಿ ಕೈಗೆ ಸಿಗುವ ಸಾಕ್ಷಿಯ ಮುಂದಿಟ್ಟು ನೋಡಬಹುದು.

ಮೊದಲನೆಯದು ವಿಜಯನಗರದ್ದು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದಿಂದ ಕಿತ್ತುಕೊಂಡಾಗ ಅವನಿಗೆ ದಾರಿ ತೋರಿಸಿ ಹಡಗು, ಜನ ಒದಗಿಸಿದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ‘ತಿಮೋಜ’. ಹತ್ತು ವರ್ಷದ ನಂತರ, 1520ರಲ್ಲಿ, ಕೃಷ್ಣದೇವರಾಯ ಇದೇ ಎಡೆದೊರೆ ನಾಡಿಗಾಗಿ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನ ಸಂಗಡಿಗರೂ ಗೋಡೆಯ ಮೇಲಿನ ಕಾವಲುಗಾರರಿಗೆ ಗುರಿಯಿಟ್ಟು ಕೋಟೆ ಬೀಳಲು ನೆರವಾದ ಸಂಗತಿಯನ್ನು ನೂನಿಜ್ ಬರೆದಿದ್ದಾನೆ. ರಾಯನ ಕುದುರೆಗಳೂ ಕಡಲ ದಾರಿಯಲ್ಲೇ ಬರಬೇಕಿತ್ತು, ಆ ದಾರಿಯ ಬಾಗಿಲು ಪೋರ್ಚುಗೀಸರ ಕೈಯಲ್ಲಿತ್ತು. ರಾಯಚೂರಿನ ಯುದ್ಧ ಒಣ ನೆಲದಲ್ಲಿ ನಡೆದರೂ ಅದರ ಒಂದು ಹಗ್ಗ ಕಡಲಲ್ಲಿತ್ತು. ತಿಮ್ಮಯ್ಯನ ಹಡಗುಗಳನ್ನು ಅಲ್ಬುಕರ್ಕನ ಬದಲು ರಾಯನೇ ಕಟ್ಟಿಕೊಂಡಿದ್ದರೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಹಡಗುಗಳ ಒಂದು ಹಲಗೆಯನ್ನೂ ನಾವು ಮುಂದಿಟ್ಟುಕೊಂಡು ಅಳೆಯಲಾರೆವು. ಎಷ್ಟು ತೋಪು ಹೊರುತ್ತಿದ್ದವು, ಮಳೆಗಾಲ ತಡೆಯುತ್ತಿದ್ದವೇ ಎಂದು ಮುಟ್ಟಿ ನೋಡಲಾಗದು. ಹಾಗಾಗಿ ಈ ಪ್ರಶ್ನೆ ಪ್ರಶ್ನೆಯಾಗಿಯೇ ನಿಲ್ಲುತ್ತದೆ.

ಎರಡನೆಯದು ಟಿಪ್ಪುವಿನ ನೌಕಾಪಡೆ. ಹೈದರ್ ಕಟ್ಟಿಸಿದ್ದ ಹಡಗುಗಳನ್ನು 1780ರ ಕೊನೆಗೆ ಮಂಗಳೂರಿನ ಬಳಿ ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಸುಟ್ಟುಹಾಕಿದ್ದ. 1796ರಲ್ಲಿ ಟಿಪ್ಪು ನೌಕಾಪಡೆಗೆಂದೇ ಒಂದು ಮಂಡಳಿ ನೇಮಿಸಿ, ಇಪ್ಪತ್ತು ದೊಡ್ಡ ಸಮರನೌಕೆ, ಇಪ್ಪತ್ತು ಫ್ರಿಗೇಟು, ಒಟ್ಟು ನಲವತ್ತು ಹಡಗು ಕಟ್ಟಲು ಹುಕುಂ ಹೊರಡಿಸಿದ. ಮೂರು ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು. ಮುತ್ತಿಗೆ ಹಾಕಿದವರಲ್ಲಿ ನಿಜಾಮನ ಸೈನ್ಯವೂ ಇತ್ತು. ಇದು ಬರೀ ಕಾಗದದ ಕನಸು, ಈ ದಂಡೆಯ ಮರದಿಂದ ಯುರೋಪಿನವರಿಗೆ ಸರಿಸಾಟಿಯಾದ ಹಡಗು ಆಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ, ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿರುವ ಹಡಗೊಂದನ್ನು ತೋರಿಸಬಹುದು.

ಅದು ‘ಟ್ರಿಂಕಾಮಲಿ’. ಬ್ರಿಟಿಷ್ ನೌಕಾಪಡೆಯ ಫ್ರಿಗೇಟು. ಇದರ ನಕ್ಷೆ ಹೊತ್ತು ಬರುತ್ತಿದ್ದ ‘ಜಾವಾ’ ಹಡಗನ್ನು 1812ರಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಹಾಳುಗೆಡವಿತು; ಎರಡನೆಯ ಸಲ ನಕ್ಷೆ ತರಿಸಿಕೊಂಡು ಮುಂಬಯಿಯ ಗೋದಿಯಲ್ಲಿ ಪಾರಸಿ ವಾಡಿಯಾ ಮನೆತನದ ಜಮ್‌ಶೇಟ್‌ಜಿ ಬೊಮನ್‌ಜಿ ಇದನ್ನು ಕಟ್ಟಿದರು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಮೈತುಂಬ ಮಲಬಾರಿನ ತೇಗ. ಇಂಗ್ಲೆಂಡಿನ ಓಕ್ ಮರ ಬೇಗ ಲಡ್ಡಾಗುತ್ತಿತ್ತು, ಓಕ್ ಮರದಲ್ಲಿ ಹೊಡೆದ ಕಬ್ಬಿಣದ ಮೊಳೆಯೂ ತುಕ್ಕು ಹಿಡಿಯುತ್ತಿತ್ತು. ತೇಗದ ಎಣ್ಣೆಯಂಶ ಹುಳವನ್ನೂ ದೂರವಿಟ್ಟಿತು, ಮೊಳೆಯನ್ನೂ ಕಾಯಿತು. ಅದಕ್ಕೇ ಟಿಪ್ಪುವಿನಿಂದ ಮಲಬಾರು ಮತ್ತು ಕೆನರಾ ಕೈಸೇರಿದ ಮೇಲೆ ಬ್ರಿಟಿಷರ ಕಣ್ಣು ಮೊದಲು ಬಿದ್ದದ್ದು ಕಾಡಿನ ಮೇಲೆ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದರು. ಸಂರಕ್ಷಣೆ ಎಂದರೆ ಆಗ ನೌಕಾಪಡೆಗೆ ತೇಗ ಹೊಂದಿಸುವುದು ಎಂದರ್ಥ.

ಮುಂದೆ ಈ ಹಡಗು ‘ಫೂದ್ರೊಯಾಂ’ ಎಂಬ ಬೇರೆ ಹೆಸರಿನಲ್ಲಿ ದಶಕಗಟ್ಟಲೆ ಹುಡುಗರಿಗೆ ತರಬೇತಿ ಕೊಡುವ ಹಡಗಾಯಿತು. 1987ರಲ್ಲಿ ಹಾರ್ಟಲ್‌ಪೂಲಿಗೆ ತಂದು ದುರಸ್ತಿ ಮಾಡಿ, ಹಳೆಯ ಹೆಸರನ್ನೂ ಮರಳಿ ಕೊಟ್ಟು, 2001ರ ಹೊತ್ತಿಗೆ ಕೆಲಸ ಮುಗಿಸಿದರು. ಇನ್ನೂರು ವರ್ಷದ ಮೇಲೂ ಮೂಲ ಮರದ ದೊಡ್ಡ ಪಾಲು ಅದರಲ್ಲಿದೆ. ಈಗ ಟಿಪ್ಪುವಿನ ಊಹೆಗೆ ಬನ್ನಿ. ಮರ ಇತ್ತೇ? ಇತ್ತು, ಹಾರ್ಟಲ್‌ಪೂಲಿನಲ್ಲಿ ಇನ್ನೂ ಇದೆ. ಪಶ್ಚಿಮ ಕರಾವಳಿಯ ಬಡಗಿಗಳಿಗೆ ಆ ಕಸುಬು ಬರುತ್ತಿತ್ತೇ? ಬರುತ್ತಿತ್ತು, ಮುಂಬಯಿಯ ಗೋದಿಯೇ ಅದಕ್ಕೆ ಸಾಕ್ಷಿ. ಇರದಿದ್ದದ್ದು ಕಾಲ, ಕಡಲ ಯುದ್ಧದಲ್ಲಿ ಪಳಗಿದ ಅಧಿಕಾರಿಗಳು ಮತ್ತು ಶತ್ರುವಿನ ಹಡಗು ಕಾಯದ ಒಂದು ಬಂದರು. ನಲವತ್ತು ಹಡಗು ಕಟ್ಟಲು ಮೂರು ವರ್ಷ ಯಾರಿಗೂ ಸಾಲದು. ಹೀಗೆ ಊಹೆ ಅರ್ಧ ನಿಲ್ಲುತ್ತದೆ, ಅರ್ಧ ಬೀಳುತ್ತದೆ. ಹೊಗಳುವವರಿಗೂ ಹೀಗಳೆಯುವವರಿಗೂ ಇದು ಪೂರ್ತಿ ರುಚಿಸದು. ಸಾಕ್ಷಿ ಇದ್ದಲ್ಲಿ ಆಗುವುದೇ ಹೀಗೆ. ಆ ಸಾಕ್ಷಿ ನಮಗೆ ಸಿಕ್ಕಿದ್ದು, ನಮ್ಮ ಕಾಡು ಕಡಿದವರ ಊರಿನವರೇ ಒಂದು ಹಳೆಯ ಹಡಗನ್ನು ಕೈಬಿಡದೆ ಇಟ್ಟುಕೊಂಡದ್ದರಿಂದ ಎಂಬುದನ್ನೂ ಒಪ್ಪಬೇಕು.

ಮೂರನೆಯದು ನಮ್ಮ ಸೀಮೆಗೆ ತೀರ ಹತ್ತಿರದ ಊಹೆ: ಹೈದರಾಬಾದಿಗೆ ಒಂದು ಬಂದರಿದ್ದಿದ್ದರೆ? 1802ರ ವಾಣಿಜ್ಯ ಒಪ್ಪಂದದಲ್ಲಿ ಮಚಲೀಪಟ್ಟಣದ ಬಂದರನ್ನು ಬಳಸುವ ಹಕ್ಕು ನಿಜಾಮನಿಗೆ ಸಿಕ್ಕಿತ್ತು. ಅದು ಸ್ವಂತ ಬಂದರಾಗಲಿಲ್ಲ. 1947ರ ಸುಮಾರಿಗೆ ಗೋವೆಯ ಮೂಲಕ ಕಡಲಿಗೆ ದಾರಿ ಮಾಡಿಕೊಳ್ಳಲು ಪೋರ್ಚುಗೀಸರ ಕಡೆ ಕೈಚಾಚಿದ್ದೂ ಫಲಿಸಲಿಲ್ಲ. 1948ರಲ್ಲಿ ಸಂಸ್ಥಾನಕ್ಕೆ ಬಂದೂಕುಗಳು ಬಂದದ್ದು ಆಕಾಶದಿಂದ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಕಳ್ಳತನದಲ್ಲಿ ಹಾರಿ ಬೀದರ್ ಮೊದಲಾದ ಕಡೆ ಇಳಿಸುತ್ತಿದ್ದ. ಬಂದರೊಂದು ಇದ್ದಿದ್ದರೆ ಸಂಸ್ಥಾನ ಉಳಿದುಕೊಳ್ಳುತ್ತಿತ್ತು ಎನ್ನುವವರಿದ್ದಾರೆ.

ಈ ಊಹೆಗೆ ಎದುರಾಗಿ ನಿಲ್ಲುವುದೂ ಒಂದು ಬ್ರಿಟಿಷ್ ಹಡಗೇ. 1939ರ ಡಿಸೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಕಾಳಗದಲ್ಲಿ ಜರ್ಮನರ ‘ಗ್ರಾಫ್ ಸ್ಪೇ’ಯನ್ನು ಎದುರಿಸಿದ ‘ಅಕಿಲೀಸ್’ ಕ್ರೂಸರನ್ನು ಭಾರತ ಕೊಂಡು ‘ಡೆಲ್ಲಿ’ ಎಂದು ಹೆಸರಿಟ್ಟಿತು. 1948ರ ಜುಲೈನಲ್ಲಿ ಅದು ನಮ್ಮ ನೌಕಾಪಡೆಗೆ ಸೇರಿತು, ಸೆಪ್ಟೆಂಬರ್‌ನಲ್ಲಿ ಮುಂಬಯಿಗೆ ಬಂತು. ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದದ್ದೂ ಅದೇ ಸೆಪ್ಟೆಂಬರ್‌ನಲ್ಲಿ. ನಿಜಾಮನಿಗೆ ಬಂದರಿದ್ದರೆ ಅದರ ಬಾಯಿಗೆ ಕಾವಲು ನಿಲ್ಲಿಸಲು ಭಾರತದ ಬಳಿ ಹಡಗಿತ್ತು, ಹೈದರಾಬಾದಿನ ಬಳಿ ಇರಲಿಲ್ಲ. ಅವನ ಬಿರುದಿನ ಡಿಸ್ಟ್ರಾಯರ್ ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಕೆಲಸವಿಲ್ಲದೆ ಕೊಳೆಯುತ್ತಿತ್ತು. ಹೆಸರು ಕೊಟ್ಟವನಿಗೆ ಹಡಗಿನ ಮೇಲೆ ಎಳ್ಳಷ್ಟೂ ಅಧಿಕಾರವಿರಲಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ. ‘ಡೆಲ್ಲಿ’ಯ ತೋಪಿನ ಗೋಪುರವೊಂದನ್ನು ಭಾರತ ನಂತರ ನ್ಯೂಜಿಲೆಂಡಿಗೆ ಕೊಟ್ಟಿತು, ಯುದ್ಧದಲ್ಲಿ ಅದರ ನಾವಿಕರಲ್ಲಿ ಬಹಳ ಮಂದಿ ಅಲ್ಲಿಯವರು. ಇವತ್ತೂ ಅದು ಆಕ್ಲೆಂಡಿನ ನೌಕಾನೆಲೆಯಲ್ಲಿದೆ.

ನಾವೇನು ಉಳಿಸಿಕೊಂಡೆವು? ಕನ್ನಡ ನಾಡಿನ ಹೆಸರೇ ಹೊತ್ತ ‘ಮೈಸೂರು’ ಕ್ರೂಸರ್ ಮೊದಲು ಬ್ರಿಟಿಷರ ‘ನೈಜೀರಿಯಾ’. 1941ರಲ್ಲಿ ಜರ್ಮನರ ಗುಪ್ತಲಿಪಿಯ ಕಾಗದಗಳನ್ನು ವಶಪಡಿಸಿಕೊಂಡ ತಂಡದಲ್ಲಿದ್ದ ಹಡಗು. 1957ರಲ್ಲಿ ನಮಗೆ ಬಂತು, 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಮುಂದಾಳಾಯಿತು, 1985ರಲ್ಲಿ ನಿವೃತ್ತವಾಗಿ ಗುಜರಿ ಸೇರಿತು. ಹೆಸರು ಮಾತ್ರ 1999ರ ಹೊಸ ಡಿಸ್ಟ್ರಾಯರ್‌ಗೆ ದಾಟಿತು. ‘ಹರ್ಕ್ಯುಲಿಸ್’ ಎಂದು ಬ್ರಿಟನ್ನಿನಲ್ಲಿ ನೀರಿಗಿಳಿದು 1961ರಲ್ಲಿ ನಮ್ಮದಾದ ‘ವಿಕ್ರಾಂತ್’ ವರ್ಷಗಟ್ಟಲೆ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. 2014ರಲ್ಲಿ ಒಡೆಯಲು ಹೋಯಿತು. ಅದರ ಲೋಹ ಬೆರೆಸಿದ ಬಜಾಜ್ ಕಂಪನಿಯ ‘ವಿ’ ಬೈಕುಗಳು ದೇಶದ ಎಲ್ಲ ಕಡೆ ಮಾರಾಟವಾದವು. ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಮುಖ್ಯ ಹಡಗಾಗಿದ್ದ ‘ಹರ್ಮಿಸ್’, ನಮ್ಮ ‘ವಿರಾಟ್’, 2020ರಲ್ಲಿ ಅಲಂಗ್ ದಂಡೆಗೆ ಹೋಯಿತು. ಉಳಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದವರು ಬರುವ ಹೊತ್ತಿಗೆ ಒಡೆಯುವ ಕೆಲಸ ಬಹಳ ಮುಂದೆ ಹೋಗಿತ್ತು. ನಮ್ಮ ರಾಜ್ಯದಲ್ಲಿ ನಿಂತಿರುವ ಹಡಗೆಂದರೆ ಕಾರವಾರದ ಟ್ಯಾಗೋರ್ ಕಡಲತೀರದ ‘ಚಪಲ’. ಅದು ಸೋವಿಯತ್ ರಷ್ಯಾ ಕಟ್ಟಿದ ಪುಟ್ಟ ಕ್ಷಿಪಣಿ ದೋಣಿ. ಗೋಕರ್ಣ, ಕಾರವಾರದ ಪ್ರವಾಸಕ್ಕೆ ಹೋಗುವ ನಮ್ಮ ಕಡೆಯ ಶಾಲೆಯ ಮಕ್ಕಳಿಗೆ ಯುದ್ಧನೌಕೆ ಎಂದರೆ ಅದೇ.

ಹಾಗೆಂದು ಎಲ್ಲ ಹಡಗನ್ನೂ ಉಳಿಸಿ ಎಂದು ಹೇಳುವುದು ಸರಿಯಲ್ಲ. ಉಕ್ಕು ಉಪ್ಪುನೀರಿನಲ್ಲಿ ದಿನವೂ ಸವೆಯುತ್ತದೆ, ಬಣ್ಣ ಬಳಿಯುವ ಖರ್ಚು ನಿಲ್ಲುವುದಿಲ್ಲ. ಕುಡಿಯುವ ನೀರಿಗೆ ಪರದಾಡುವ ತಾಲ್ಲೂಕಿನವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬ್ರಿಟಿಷರೂ ಸೋತಿದ್ದಾರೆ. ಟ್ರಫಾಲ್ಗರ್ ಕಾಳಗದಲ್ಲಿ ಫ್ರೆಂಚರ ಕಡೆ ಇದ್ದು ಆಮೇಲೆ ಬ್ರಿಟಿಷರ ‘ಇಂಪ್ಲೇಕಬಲ್’ ಆದ ಹಡಗನ್ನು ಹಣವಿಲ್ಲವೆಂದು 1949ರ ಡಿಸೆಂಬರ್ 2ರಂದು ಎರಡೂ ದೇಶದ ಬಾವುಟ ಏರಿಸಿಯೇ ಕಡಲಲ್ಲಿ ಮುಳುಗಿಸಿದರು. ಆದರೆ ಅದರ ಹಿಂಬದಿಯ ಕೆತ್ತನೆಯನ್ನೂ ಮೂತಿಯ ಬೊಂಬೆಯನ್ನೂ ಬಿಚ್ಚಿಟ್ಟುಕೊಂಡರು; ಗ್ರಿನಿಚ್‌ನ ಸಂಗ್ರಹಾಲಯದಲ್ಲಿ ಅವಿವೆ. ಇಡೀ ಹಡಗು ಆಗದಿದ್ದರೆ ಒಂದು ಗೋಪುರ, ಒಂದು ಕೆತ್ತನೆ, ಒಂದು ದಾಖಲೆ ಪುಸ್ತಕ. ಮಸ್ಕಿಯ ಬಂಡೆಯಲ್ಲೂ ಓದಲು ಸಿಗುವುದು ಕೆಲವೇ ಸಾಲು, ಅವು ಎಷ್ಟು ಕೆಲಸ ಮಾಡಿದವು ಎಂಬುದನ್ನು ಆಗಲೇ ನೋಡಿದೆವು.

‘ನಿಜಾಮ್’ ಹಡಗಿನ ಫೋಟೋಗಳು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಯುದ್ಧಸ್ಮಾರಕದಲ್ಲಿವೆ. ಸ್ಫಾಕಿಯಾದ ದಂಡೆಯಿಂದ ಪಾರಾದವರ ಮನೆಗಳಲ್ಲಿ ಅದರ ಹೆಸರು ಇವತ್ತಿಗೂ ಇರಬಹುದು. ನಮ್ಮ ಕಡೆ ಸಂಸ್ಥಾನದ ಇತಿಹಾಸ ಬರೆಯುವಾಗ ರಜಾಕಾರರ ಹಾವಳಿ, ವಿಮೋಚನೆ, ಏಕೀಕರಣ ಬರುತ್ತವೆ, ಬರಲೇಬೇಕು. ಅದರ ಪಕ್ಕದಲ್ಲಿ ಈ ಹಡಗಿಗೂ ಒಂದು ಪುಟ ಸಿಗಬೇಕು. ದೊರೆಯ ಕೀರ್ತಿ ಹಾಡಲಿಕ್ಕೆ ಅದು ಬೇಡ. ಲೆವಿ ಜೋಳ ಅಳೆದ ರೈತನನ್ನೂ, ಲೂವಿನ್ ಭೂಶಿರದ ಬಳಿ ಕೊಚ್ಚಿಹೋದ ಹತ್ತು ನಾವಿಕರನ್ನೂ ಒಂದೇ ಪುಟದಲ್ಲಿ ಬರೆಯಲು ಅದು ಬೇಕು. ಆ ನಾವಿಕರಿಗೆ ಸಿಂಧನೂರು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಸಿಂಧನೂರಿನವರಿಗೆ ಅವರು ಸತ್ತ ಸುದ್ದಿ ಮುಟ್ಟಲಿಲ್ಲ. ರಾಯಚೂರು ಜಿಲ್ಲೆಯ ಯಾವುದಾದರೊಂದು ಸಂಗ್ರಹಾಲಯದ ಗೋಡೆಗೆ ಕ್ಯಾನ್‌ಬೆರಾದಿಂದ ಒಂದು ಫೋಟೋದ ಪ್ರತಿ ತರಿಸಿ ತೂಗುಹಾಕಿ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಹೆಚ್ಚು ಖರ್ಚು ಬರುವುದಿಲ್ಲ.